ಸರಿಯಿದ್ದ ಲೆಕ್ಕ

ಚಿಕ್ಕೋಡಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಕೋಮಲ ಆ ಪ್ರಬಂಧವನ್ನು ನೋಡಿದ್ದು ಪರೀಕ್ಷೆಯ ಮೇಲ್ವಿಚಾರಣೆ ಮುಗಿಸಿ ಸ್ಟಾಫ್ ರೂಮಿಗೆ ಬಂದು ಕುಳಿತಾಗ. ಪರದೇಶದ ಒಂದು ತಂಡ ಬರೆದದ್ದು. ನಮ್ಮ ಕ್ಷೀರಪಥವನ್ನು ಸುತ್ತುವ ಕಿರು ಗೆಲಾಕ್ಸಿಗಳಲ್ಲಿ ಒಂದು ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಸರಿಯುತ್ತಿದೆ ಎಂಬುದನ್ನು ಅವರು ಬಾಹ್ಯಾಕಾಶ ದೂರದರ್ಶಕದ ಹಳೆಯ ಚಿತ್ರಗಳಿಂದ ಅಳೆದಿದ್ದರು. ಮೊಬೈಲಿನಲ್ಲಿ ಕೊನೆಯ ಪುಟವನ್ನು ಹಿಗ್ಗಿಸಿ ನೋಡಿದಳು. ಅಲ್ಲಿದ್ದ ಎರಡೂ ಅಂಕಿಗಳು ಅವಳಿಗೆ ಬಾಯಿಪಾಠವಾಗಿದ್ದವು. ಹಿಂದೊಮ್ಮೆ ಅವಳ ವಿದ್ಯಾರ್ಥಿನಿ ಭಾಗ್ಯಾ ಅವೇ ಅಂಕಿಗಳನ್ನು ಇದೇ ಕಾಲೇಜಿನ ಲ್ಯಾಬಿನಲ್ಲಿ ತೆಗೆದು ತೋರಿಸಿದ್ದಳು.

"ಚಹಾ ಆರಿ ಹೋತ್ರಿ ಮೇಡಂ," ಎಂದರು ಪಕ್ಕದ ಕುರ್ಚಿಯ ನೇಮಿನಾಥ ಸರ್. ಕೋಮಲಳಿಗೆ ಕೇಳಿಸಲೇ ಇಲ್ಲ.

ಭಾಗ್ಯಾ ರಾಯಬಾಗ ಕಡೆಯ ಹುಡುಗಿ. ಅಪ್ಪ ಮಾಳೇಶ ಕುರಿಹಿಂಡಿನ ಬೆನ್ನು ಹತ್ತಿ ಊರೂರು ಅಲೆಯುವವನು. ಎಂ.ಎಸ್ಸಿ. ಮುಗಿದ ಮೇಲೂ ಅವಳು ಬಸ್ಸು ಹಿಡಿದು ಕಾಲೇಜಿಗೆ ಬರುತ್ತಿದ್ದಳು. ಬಾಹ್ಯಾಕಾಶದ ದೂರದರ್ಶಕ ತೆಗೆದ ಚಿತ್ರಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು ಎಂದು ಕೋಮಲ ಹೇಳಿದ ದಿನ ಅವಳು ನಂಬಿರಲಿಲ್ಲ.

"ಇಲ್ಲೇ ಚಿಕ್ಕೋಡ್ಯಾಗ ಕುಂತ್ಕೊಂಡೇನ್ರಿ?" ಎಂದು ನಕ್ಕಿದ್ದಳು.

ಒಂದೇ ಗೆಲಾಕ್ಸಿಯ ಎರಡು ಚಿತ್ರಗಳನ್ನು ಇಬ್ಬರೂ ಆರಿಸಿಕೊಂಡರು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಹದಿನಾಲ್ಕು ವರ್ಷ. ಚಿತ್ರದ ಹಿನ್ನೆಲೆಯಲ್ಲಿ ಬಹುದೂರದ ಗೆಲಾಕ್ಸಿಗಳಿರುತ್ತವೆ. ಅಷ್ಟು ದೂರದವು ಕದಲಿದ್ದು ನಮಗೆ ಗೊತ್ತಾಗುವುದೇ ಇಲ್ಲ. ಅವನ್ನು ಗೂಟದ ಹಾಗೆ ನೆಟ್ಟುಕೊಂಡು, ಕಿರು ಗೆಲಾಕ್ಸಿಯ ನಕ್ಷತ್ರಗಳು ಎಷ್ಟು ಸರಿದಿವೆ ಎಂದು ಅಳೆಯಬೇಕು. ಚಿತ್ರವನ್ನು ಹಿಗ್ಗಿಸಿದರೆ ಕಾಣುವ ಚೌಕಗಳಲ್ಲಿ ಒಂದು ಚೌಕದ ಸಣ್ಣದೊಂದು ಪಾಲಿನಷ್ಟು ಮಾತ್ರ ಅವು ಸರಿದಿರುತ್ತವೆ. ಭಾಗ್ಯಾ ವರ್ಷವಿಡೀ ಕುಳಿತಳು. ಕರೆಂಟು ಹೋದಾಗ ಕಾರಿಡಾರಿನಲ್ಲಿ ನಿಂತು ಬುತ್ತಿ ಉಂಡು, ಬಂದ ಕೂಡಲೇ ಮತ್ತೆ ಒಳಗೆ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಕ್ಲಾಸ್ ನಡೆದಿದೆ ಅನ್ನುವುದನ್ನೂ ಮರೆತು ಬಾಗಿಲಲ್ಲಿ ಬಂದು ನಿಂತಳು.

"ಮೇಡಂ, ಸರದೇತ್ರಿ!"

ಆ ಖುಷಿಯಲ್ಲಿ ಕೋಮಲಳೂ ಪಾಲುಗೊಂಡಳು, ಆದರೆ ಒಂದು ಸಂಜೆ ಮಾತ್ರ. ಮರುದಿನದಿಂದ ಅಂಜಿಕೆ ಹತ್ತಿತು. ಪುಣೆಯಲ್ಲಿ ಪಿಎಚ್‌ಡಿ ಮಾಡುವಾಗ ತುಂಬಿದ ಸಭೆಯಲ್ಲಿ ಹಿರಿಯರೊಬ್ಬರು ಎದ್ದು ಅವಳ ಕೆಲಸದಲ್ಲಿ ತಪ್ಪು ತೋರಿಸಿದ್ದರು. ಅಂದಿನ ನಗು ಅವಳ ಕಿವಿಯಿಂದ ಇನ್ನೂ ಹೋಗಿರಲಿಲ್ಲ. ದೂರದರ್ಶಕದ ಕ್ಯಾಮೆರಾ ಹಳತಾದಂತೆ ನಕ್ಷತ್ರಗಳು ಒಂದು ಕಡೆಗೆ ಜಗ್ಗಿದಂತೆ ಮೂಡುತ್ತವೆ. ಭಾಗ್ಯಾ ಕಂಡದ್ದು ಅದೇ ಆಗಿದ್ದರೆ?

"ಹಂಗಿದ್ರ ಮಸುಕಾದ ಚುಕ್ಕಿ ಹೆಚ್ಚು ಜಗ್ಗಬೇಕಿತ್ರಿ," ಎಂದು ಭಾಗ್ಯಾ ಅದನ್ನೂ ಪರೀಕ್ಷಿಸಿ ತೋರಿಸಿದಳು. "ಇಲ್ಲಿ ನೋಡ್ರಿ, ಮಸುಕಾದ್ದೂ ಹೊಳಿಯೂದೂ ಎಲ್ಲಾ ಒಂದ ಸಮ ಸರದಾವು. ಕಳಸೂಣೇನ್ರಿ?"

"ಇನ್ನೊಂದ ಸಲ ನೋಡೂಣು."

ಹಾಗೆ ನೋಡುತ್ತಲೇ ಮಳೆಗಾಲ ಹೋಯಿತು, ಸುಗ್ಗಿಯೂ ಹೋಯಿತು. ಬರೆದ ಪ್ರಬಂಧ ಕೋಮಲಳ ಲ್ಯಾಪ್‌ಟಾಪಿನಲ್ಲೇ ಉಳಿಯಿತು. ಅಷ್ಟರಲ್ಲಿ ಪಿಎಚ್‌ಡಿ ಸಂದರ್ಶನಕ್ಕೆಂದು ಭಾಗ್ಯಾ ಪುಣೆಗೆ ಹೋದಳು. ಅವಳು ಅಲ್ಲಿದ್ದಾಗಲೇ ಆಯ್ಕೆ ಸಮಿತಿಯವರೊಬ್ಬರು ಕೋಮಲಳಿಗೆ ಫೋನ್ ಮಾಡಿದರು. ಹುಡುಗಿ ಹೇಳುತ್ತಿರುವ ಅಳತೆಯನ್ನು ನಂಬಬಹುದೇ ಎಂದು ಕೇಳಿದರು. ನಂಬಬಹುದು ಎಂದಿದ್ದರೆ ಮುಗಿಯುತ್ತಿತ್ತು. ಕೋಮಲಳ ಬಾಯಿಂದ ಬಂದದ್ದು, "ಈಗಲೇ ಹೇಳಲಾರೆ." ಭಾಗ್ಯಾಳಿಗೆ ಸೀಟು ಸಿಗಲಿಲ್ಲ. ಮರುವರ್ಷ ಅವಳು ಸರ್ಕಾರಿ ಪರೀಕ್ಷೆ ಬರೆದು ಬೋರಗಾಂವದಲ್ಲಿ ಊರಿನ ಜಮೀನು ಲೆಕ್ಕ ನೋಡುವ ತಲಾಟಿಯಾದಳು. ಫೋನಿನ ವಿಷಯವನ್ನು ಕೋಮಲ ಅವಳಿಗೆ ಹೇಳಲೇ ಇಲ್ಲ.

ಸ್ಟಾಫ್ ರೂಮಿನಿಂದ ಎದ್ದವಳು ಸ್ಕೂಟಿ ಹತ್ತಿ ಬೋರಗಾಂವದ ದಾರಿ ಹಿಡಿದಳು. ಸದಲಗಾದವರೆಗೂ ಕಬ್ಬಿನ ಟ್ರ್ಯಾಕ್ಟರುಗಳು ಮುಂದೆ ಬಿಡಲಿಲ್ಲ. ಅವುಗಳ ಹಿಂದೆ ತೆವಳುತ್ತ, ಏನು ಹೇಳಬೇಕೆಂದು ಮಾತು ಜೋಡಿಸುತ್ತ, ಮುರಿಯುತ್ತ ಹೋದಳು.

ತಲಾಟಿ ಕಚೇರಿಯ ಹಿಂದೆಯೇ ಮಗ್ಗಗಳ ಖಟಪಟ. ಹೊಲದ ಉತಾರದ ಪ್ರತಿ ಕೇಳಲು ಬಂದಿದ್ದ ಭೀಮಾಬಾಯಿ ಎಂಬ ಮುದುಕಿಗೆ ಭಾಗ್ಯಾ ಮರಾಠಿಯಲ್ಲಿ ಏನೋ ತಿಳಿಸಿ ಹೇಳುತ್ತಿದ್ದಳು. ಕೋಮಲಳನ್ನು ಕಂಡದ್ದೇ ಎದ್ದು ನಿಂತಳು.

"ಬರ್ರಿ ಮೇಡಂ! ಹೇಳಿ ಕಳಿಸಿದ್ರ ನಾನ ಬರತಿದ್ನೆಲ್ರಿ."

ಮುದುಕಿ ಹೋದ ಮೇಲೆ ಕೋಮಲ ಆ ಪ್ರಬಂಧ ತೆರೆದು ಮೊಬೈಲನ್ನು ಮುಂದಿಟ್ಟಳು. ಭಾಗ್ಯಾ ನಿಧಾನವಾಗಿ ಓದಿದಳು. ಕೊನೆಯ ಪುಟಕ್ಕೆ ಬಂದಾಗ ಅವಳ ಬೆರಳು ನಿಂತಿತು.

"ಹಂಗಾದ್ರ ಅದು ಕ್ಯಾಮೆರಾದ್ದಲ್ರಿ."

"ಅಲ್ಲ. ನೀ ಮಾಡಿದ ಪರೀಕ್ಷೆನ ಅವರೂ ಮಾಡ್ಯಾರ." ಕೋಮಲ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. "ಭಾಗ್ಯಾ, ಅವತ್ತ ಪುಣೆದಿಂದ ನನಗ ಒಂದ ಫೋನ್ ಬಂದಿತ್ತು..."

"ಗೊತ್ತೈತ್ರಿ. ನನ್ನ ಎರಡನೇ ಸಲ ಒಳಗ ಕರದಾಗ ಅವರ ಹೇಳಿದ್ರು."

"ಗೊತ್ತಿದ್ದೂ ನನಗ ಒಂದ ಮಾತ ಕೇಳಲಿಲ್ಲಲ್ಲ ನೀ?"

"ಏನಂತ ಕೇಳ್ಲಿರಿ? ನಿಮಗ ನನಕಿಂತ ಹೆಚ್ಚು ತಿಳಿತೈತಿ. ನೀವ ಹಂಗ ಅಂದ್ರಿ ಅಂದ್ರ ನನ್ನ ಲೆಕ್ಕನ ತಪ್ಪ ಇರಬೇಕ ಅಂದ್ಕೊಂಡೆ. ಮನಿಗೆ ಬಂದು ಫೈಲ್ ಎಲ್ಲಾ ಅಳಿಸಿಬಿಟ್ಟೆ." ಮೇಜಿನ ಮೇಲಿದ್ದ ಕಚೇರಿಯ ರಬ್ಬರ್ ಶಿಕ್ಕೆಯನ್ನು ಅವಳು ಸುಮ್ಮನೆ ಆಚೆ ಈಚೆ ಸರಿಸಿದಳು. "ಸೀಟ್ ಸಿಗಲಿಲ್ಲಂತ ನಾ ಈ ನೌಕರಿಗೆ ಬಂದಿಲ್ರಿ. ಇದು ನನ್ನ ಕೈಲೆ ಆಗೂ ವಿದ್ಯಾ ಅಲ್ಲ ಅಂತ ಬಂದೆ."

ಒಂದು ಸೀಟು ತಪ್ಪಿಸಿದೆ ಎಂಬ ಕೊರಗನ್ನಷ್ಟೇ ಕೋಮಲ ಇಷ್ಟು ದಿನ ಹೊತ್ತಿದ್ದಳು. ಈ ಹುಡುಗಿ ತನ್ನ ಬುದ್ಧಿಯ ಮೇಲಿನ ನಂಬಿಕೆಯನ್ನೇ ಬಿಟ್ಟಿದ್ದಾಳೆಂದು ಅವಳಿಗೆ ಹೊಳೆದಿರಲಿಲ್ಲ.

"ನಿನ್ನ ಲೆಕ್ಕದ ಮ್ಯಾಲ ನನಗ ಸಂಶೆ ಇರಲಿಲ್ಲ ಭಾಗ್ಯಾ," ಎಂದಳು ಸಣ್ಣ ದನಿಯಲ್ಲಿ. "ಮಂದಿ ಮುಂದ ಮತ್ತ ತಪ್ಪಿದ್ರ ಹೆಂಗ ಅಂತ ನನಗ ಅಂಜಿಕಿ ಇತ್ತು. ಅಷ್ಟ."

ಭಾಗ್ಯಾ ಅವಳನ್ನೇ ನೋಡಿದಳು. ಸಿಟ್ಟು ಮಾಡಿದ್ದರೆ ಕೋಮಲಳಿಗೆ ಹಗುರವಾಗುತ್ತಿತ್ತು.

"ಅದನ್ನ ಅವತ್ತ ಹೇಳಬೇಕಾಗಿತ್ರಿ," ಎಂದಳು. ಆಮೇಲೆ ಹೊರಗೆ ಹೋಗಿ ಎರಡು ಚಹಾ ಹೇಳಿ ಬಂದಳು.

ಕೋಮಲ ಆ ವಾರವೇ ತನ್ನ ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಪ್ರಬಂಧವನ್ನು ಸಂಶೋಧನಾ ಪತ್ರಿಕೆಗೆ ಕಳಿಸಿದಳು. ಮೊದಲ ಹೆಸರು ಭಾಗ್ಯಾಳದು. ಪರದೇಶದವರ ಅಳತೆಗೆ ಒತ್ತಾಸೆಯಾಗಿ ಅದು ಅಚ್ಚಾಯಿತು. ಮೊದಲು ಅಳೆದವರು ಯಾರು ಎಂದು ಕೇಳುವವರಿರಲಿಲ್ಲ. ಅವ್ವನಿಗೆ ತೋರಿಸಿದೆ, ಅವ್ವ ನನ್ನ ಹೆಸರಿನ ಮೇಲೆ ಕೈಯಾಡಿಸಿದಳು ಎಂದು ಭಾಗ್ಯಾ ಮೆಸೇಜು ಮಾಡಿದಳು. ಆ ಧೈರ್ಯದ ಮೇಲೆ ಕೋಮಲ ಪುಣೆಯ ಹೊಸ ಪಿಎಚ್‌ಡಿ ಪ್ರಕಟಣೆಯನ್ನು ಅವಳಿಗೆ ಕಳಿಸಿದಳು.

ಉತ್ತರ ಎರಡು ದಿನ ಬಿಟ್ಟು ಬಂತು. "ನೋಡೇನ್ರಿ ಮೇಡಂ. ಲೆಕ್ಕ ಸರಿ ಇತ್ತಂತ ಗೊತ್ತಾತು, ಸಮಾಧಾನ ಆತು. ಆದ್ರ ಆಸೆ ಹೋಗೇತ್ರಿ. ಎಷ್ಟ ಕರದ್ರೂ ಬರವಲ್ದು."

ಕೋಮಲ ಉದ್ದಕ್ಕೆ ಏನೇನೋ ಬರೆದಳು, ಅಳಿಸಿದಳು. ಮತ್ತೆ ಬರೆದಳು. ಕೊನೆಗೆ "ಆತವ್ವಾ" ಎಂದಷ್ಟೇ ಕಳಿಸಿ, ಗಂಟೆ ಹೊಡೆದದ್ದರಿಂದ ಕ್ಲಾಸಿಗೆ ಎದ್ದು ಹೋದಳು.