ಮನೆಯ ಹೆಂಗಸೇ ಬರಬೇಕು

ಗಿರಾಕಿಯೇ ಇಲ್ಲದಿದ್ದರೆ ಅಂಗಡಿ ತಾನಾಗಿ ಮುಚ್ಚುತ್ತದೆ ಎಂಬುದು ಹೊಸ ಎಸ್ಸೈ ಹರಿಪ್ರಸಾದರ ಸಿದ್ಧಾಂತ. ಇಷ್ಟು ವರ್ಷ ಲಾಡ್ಜುಗಳಿಗೆ ರೈಡ್ ಮಾಡಿದಾಗೆಲ್ಲ ಸಿಕ್ಕಿಬೀಳುತ್ತಿದ್ದದ್ದು ಹೆಣ್ಣುಮಕ್ಕಳು. ಗಂಡಸರು ಅದು ಹೇಗೋ ಮಾಯವಾಗಿಬಿಡುತ್ತಿದ್ದರು. ಅದನ್ನು ಕಂಡು ಕಂಡು ಹೊಟ್ಟೆ ಉರಿಸಿಕೊಂಡಿದ್ದ ಹೆಡ್ ಕಾನ್‌ಸ್ಟೇಬಲ್ ಪಂಕಜಾಕ್ಷಿಗೆ ಈ ಸಿದ್ಧಾಂತ ಬಹಳ ಹಿಡಿಸಿತು. ಇಂಟರ್‌ನೆಟ್ಟಿನಲ್ಲಿ ಒಂದು ಸುಳ್ಳು ಜಾಹೀರಾತು, ಅದರ ಕೆಳಗೊಂದು ಮೊಬೈಲ್ ನಂಬರು, ಮಾತಾಡಲು ಪಂಕಜಾಕ್ಷಿ. ಕಟ್ಟಿಕೊಂಡ ಗಂಡನ ಹತ್ತಿರವೂ ಆಡದಷ್ಟು ನಯವಾಗಿ ಅವಳು "ಬನ್ನಿ, ಸುಬ್ರಹ್ಮಣ್ಯದಲ್ಲಿ ರೂಮುಂಟು" ಎಂದರೆ ಸಾಕು, ಪುತ್ತೂರು, ಸುಳ್ಯ, ಕಡಬ ಎಂದು ಎಲ್ಲ ಕಡೆಯಿಂದ ಗಂಡಸರು ಹೊರಟು ಬರುತ್ತಿದ್ದರು. ದೇವರ ಊರು ನೋಡಿ, ಮನೆಯಲ್ಲಿ ಹೇಳಲು ಕಾರಣ ಹುಡುಕುವ ಕಷ್ಟವಿರಲಿಲ್ಲ.

ಬಂದವರ ಮೇಲೆ ಕೇಸಿಲ್ಲ, ಕೋರ್ಟಿನಲ್ಲಿ ಅದು ನಿಲ್ಲುವುದಿಲ್ಲವಂತೆ. ಮನೆಯವರು ಠಾಣೆಗೆ ಬಂದು ಸಹಿ ಹಾಕಿ ಕರೆದುಕೊಂಡು ಹೋಗಬೇಕು, ಅಷ್ಟೇ. ಮೊದಮೊದಲು ಭಾವ, ದೋಸ್ತಿ, ಪಂಚಾಯತ್ ಮೆಂಬರು ಎಂದು ಯಾರ‍್ಯಾರೋ ಬಂದು, ಚಾ ಕುಡಿದು, ನಗಾಡುತ್ತ ಬಿಡಿಸಿಕೊಂಡು ಹೋದರು. ಪಂಕಜಾಕ್ಷಿ ಹಟ ಹಿಡಿದಳು.

"ಮನೆಯ ಹೆಂಗಸೇ ಬರ್ಬೇಕು ಸಾರ್. ಇಲ್ಲದಿದ್ರೆ ಇವರಿಗೆ ಎಂತ ನಾಚಿಕೆ?"

ಅಂದಿನಿಂದ ಅದೇ ಕಾನೂನು. ಠಾಣೆಯ ಬೆಂಚಿನ ಮೇಲೆ ದೊಡ್ಡ ದೊಡ್ಡ ಮೀಸೆಗಳು ಗೊಳೋ ಎಂದು ಅಳುವುದನ್ನು ನೋಡಿ ಅವಳಿಗೆ ಹಾಲು ಕುಡಿದಷ್ಟು ಸಮಾಧಾನ.

ಹೀಗಿರುವಾಗ ಒಂದು ಬೆಳಿಗ್ಗೆ ಬಲೆಯ ರೂಮಿನ ಬಾಗಿಲು ತಟ್ಟಿದವರು ಸಂಕಪ್ಪ. ಬರುವ ತಿಂಗಳು ಅವಳ ಮಗಳು ಸುಪ್ರಿತಾಳಿಗೆ ಮಾವನಾಗಬೇಕಾದವರು! ಮಗ ದಿಶಾಂತನ ಮದುವೆಯ ಮೊದಲ ಕಾಗದವನ್ನು ದೇವರಿಗೆ ಇಟ್ಟುಬರುತ್ತೇನೆಂದು ಮನೆಯಿಂದ ಹೊರಟಿದ್ದರು. ಇಟ್ಟೂ ಆಗಿತ್ತು. ಹಣೆಯ ಗಂಧ ಇನ್ನೂ ಒಣಗಿರಲಿಲ್ಲ, ಉಳಿದ ಕಾಗದಗಳ ಕಟ್ಟು ಕಂಕುಳಲ್ಲಿತ್ತು.

ಬಾಗಿಲು ತೆರೆದವಳು ಪಂಕಜಾಕ್ಷಿಯೇ. ತಾಯಿ ಪೊಲೀಸು ಎಂಬ ಒಂದೇ ಕಾರಣಕ್ಕೆ ತಪ್ಪಿಹೋದ ಸಂಬಂಧಗಳು ಕಡಿಮೆಯೇ? ಇದೊಂದು ಕೂಡಿಬಂದಿತ್ತು, ಸುಪ್ರಿತಾ ಹುಡುಗನನ್ನು ಮನಸಾರೆ ಮೆಚ್ಚಿದ್ದಳು. ಈಗ ಇವರ ಹೆಂಡತಿಯನ್ನು ಠಾಣೆಗೆ ಕರೆಸಿದರೆ ಮದುವೆ ಅಲ್ಲಿಗೇ ಮುಗಿಯಿತು. ಕರೆಸದಿದ್ದರೆ, ತಲೆತಗ್ಗಿಸಿ ಬಂದು ಸಹಿ ಹಾಕಿ ಹೋದ ಅಷ್ಟು ಹೆಂಗಸರಿಗೆ ಯಾವ ಮುಖ ತೋರಿಸುವುದು? ಜೀಪಿನಲ್ಲಿ ಠಾಣೆ ಮುಟ್ಟುವವರೆಗೂ ಅವಳು ಇದೇ ಲೆಕ್ಕ ಹಾಕುತ್ತಿದ್ದಳು.

ಎಸ್ಸೈ ಫೋನನ್ನು ಮುಂದೆ ತಳ್ಳಿ, "ಮನೆಯ ಹೆಂಗಸರನ್ನು ಕರೆಯಿರಿ" ಎಂದರು. ಸಂಕಪ್ಪ ಗಡಿಬಿಡಿ ಮಾಡಿಕೊಳ್ಳಲಿಲ್ಲ. ಕಟ್ಟಿನಿಂದ ಒಂದು ಕಾಗದ ಎಳೆದು ಎರಡೂ ಕೈಯಲ್ಲಿ ಕೊಟ್ಟರು.

"ಕರೆಯುದು ಎಂತಕ್ಕೆ ಸಾರ್? ಇಲ್ಲೇ ಇದ್ದಾರಲ್ಲ. ಪಂಕಜಾಕ್ಷಿಯಕ್ಕ ಈಗ ನಮ್ಮ ಮನೆಯವರೇ. ನೀವೂ ಸಂಸಾರ ಸಮೇತ ಮದುವೆಗೆ ಬರ್ಬೇಕು."

ಎಸ್ಸೈ ಕಾಗದ ಓದಿದರು. ಗಂಡಿನ ತಂದೆಯ ಹೆಸರು, ಹೆಣ್ಣಿನ ತಾಯಿಯ ಹೆಸರು ಎರಡನ್ನೂ ನೋಡಿದರು. "ಕಾನೂನು ನಿಮ್ಮದೇ ಪಂಕಜಾಕ್ಷಿ, ನೀವೇ ನೋಡಿ" ಎಂದು ಕೈತೊಳೆದುಕೊಂಡರು.

ಅವಳು ಸಹಿ ಹಾಕಿದಳು. ಕೆಲಸಕ್ಕೆ ಸೇರಿದ ಮೇಲೆ ಇಷ್ಟು ನಾಚಿಕೆ ಅವಳಿಗೆ ಯಾವತ್ತೂ ಆಗಿರಲಿಲ್ಲ.

ಬಸ್ ಸ್ಟ್ಯಾಂಡಿನವರೆಗೆ ಬಿಟ್ಟುಬರಲು ಹೋದಾಗ ಸಂಕಪ್ಪ ಸ್ವರ ತಗ್ಗಿಸಿದರು.

"ಅಲ್ಲ ಅಕ್ಕ, ಫೋನಲ್ಲಿ ಹಾಗೆಲ್ಲ ಮಾತಾಡಿದ್ದು ನೀವಾ?"

"ಹೌದು. ಡ್ಯೂಟಿ."

ಅವರು ಬೇಸರದಿಂದ ತಲೆಯಾಡಿಸಿದರು. "ಮರ್ಯಾದಸ್ಥ ಮನೆಯ ಹೆಂಗಸರು ಹಾಗೆ ಮಾತಾಡುದಾ ಮಾರಾಯ್ರೆ? ನನಗೆ ಕೇಳ್ಲಿಕ್ಕೇ ಒಂಥರಾ ಆಯ್ತು. ನಮ್ಮವಳಿಗೆ ಗೊತ್ತಾದ್ರೆ ಈ ಸಂಬಂಧವೇ ಬೇಡ ಅಂದಾಳು. ಆಗ್ಲಿ, ನೀವು ಹೆದರ್ಬೇಡಿ. ನಾನು ಯಾರ ಹತ್ರವೂ ಹೇಳುದಿಲ್ಲ."

ಪಂಕಜಾಕ್ಷಿಗೆ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಬಸ್ಸು ಬಂತು. ಸಂಕಪ್ಪ ಹತ್ತಿ, ಕಿಟಕಿಯ ಪಕ್ಕ ಕುಳಿತು, ಅವಳು ಏನಾದರೂ ಹೇಳಲಿ ಎಂಬಂತೆ ನೋಡಿದರು.

"ಉಪಕಾರ ಆಯ್ತು ಸಂಕಪ್ಪಣ್ಣ," ಎಂದಳು ಪಂಕಜಾಕ್ಷಿ.