ಹಳೇಕೋಟೆಯ ಮೂರನೇ ಕ್ಯಾನು

ಮೂರು ಕ್ಯಾನುಗಳಲ್ಲಿ ಒಂದು ಕೈಕೊಟ್ಟಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅಣುಸ್ಥಾವರದಲ್ಲಿ ಉರಿದು ಮುಗಿದ ಇಂಧನವನ್ನು ಬಂಡೆಯ ಆಳದಲ್ಲಿ ಹೂತಿಟ್ಟರೆ, ಲಕ್ಷ ವರ್ಷದಲ್ಲಿ ಅದು ಅಲ್ಲಿನ ನೀರಿನಲ್ಲಿ ಎಷ್ಟು ಕರಗೀತು ಎಂಬುದು ನನ್ನ ಪಿಎಚ್‌ಡಿ. ಅಷ್ಟು ಆಳದ ನೀರಿನಲ್ಲಿ ಆಮ್ಲಜನಕ ಇರುವುದಿಲ್ಲ ಎನ್ನಬಹುದು. ಅಂಥ ನೀರಿನಲ್ಲಿ ಇಂಧನದ ಯುರೇನಿಯಂ ಕರಗುವುದೇ ಅಪರೂಪ. ಗಾಳಿ ಸೋಕಿತೋ, ಕರಗತೊಡಗುತ್ತದೆ. ಅದಕ್ಕೇ ಹಳೇಕೋಟೆಯ ಬೆಟ್ಟಮ್ಮನವರ ಹೊಲದ ಹೊಸ ಬೋರ್‌ವೆಲ್ಲಿನಿಂದ, ಗಾಳಿ ಸೋಕದ ಹಾಗೆ ಮೂರು ಸ್ಟೀಲ್ ಕ್ಯಾನು ತುಂಬಿ, ಬಿಗಿಯಾಗಿ ಮುಚ್ಚಿ, ಒಂದು ರಾತ್ರಿ ಅವರ ಮನೆಯಲ್ಲೇ ಬಿಟ್ಟಿದ್ದೆ. ಮಾರನೆಯ ದಿನ ಹಾಸನದ ಲ್ಯಾಬಿಗೆ ತಂದು, ಒಂದೊಂದಕ್ಕೂ ಯುರೇನಿಯಂ ಆಕ್ಸೈಡಿನ ಚೂರು ಹಾಕಿದೆ. ಎರಡರಲ್ಲಿ ಏನೂ ಆಗಲಿಲ್ಲ. ಮೂರನೆಯದರಲ್ಲಿ ಹತ್ತಾರು ಪಟ್ಟು ಕರಗಿತ್ತು.

ಉರಿಯುತ್ತಲೇ ಹಳೇಕೋಟೆಗೆ ಹೋದೆ.

"ಬೆಟ್ಟಮ್ಮೋರೆ, ಆವತ್ತು ಕ್ಯಾನು ಯಾರಾದ್ರೂ ಮುಟ್ಟಿದ್ರಾ?"

"ನಾನೇ ಕಣವ್ವಾ ತಗ್ದಿದ್ದು. ಗಂಗೆ ಪೂಜೆ ಆಗ್ದೆ ವಸ ನೀರು ಮನೆ ದಾಟ್ಬಾರ್ದು. ಒಂದು ಚೊಂಬು ತಗ್ದು ಪೂಜೆ ಮಾಡಿ, ತಿರ್ಗಾ ಸುರ್ದು ಬಿಗಿಯಾಗೇ ಮುಚ್ದೆ. ನಿಂಗೆ ಒಳ್ಳೇದಾಗ್ಲಿ ಅಂತ."

"ತೆಗೀಬೇಡಿ ಅಂತ ದೊಡ್ಡದಾಗಿ ಕನ್ನಡದಲ್ಲೇ ಬರ್ದಿದ್ನಲ್ರೀ!"

"ಓದ್ದೆ ಕಣವ್ವಾ. ಪೂಜೆಗೂ ತಗೀಬ್ಯಾಡಿ ಅಂತ ಬರ್ದಿರ್ಲಿಲ್ವಲ್ಲ."

ಬಾಯಿಗೆ ಬಂದಂತೆ ಬೈದೆ. ಅವರು ಮಜ್ಜಿಗೆ ತಂದಿಟ್ಟರು. ಮುಟ್ಟದೆ ಎದ್ದು ಬಂದೆ.

ಪ್ರಬಂಧ ಓದಿದ ನನ್ನ ಗೈಡ್ ಪಟ್ಟಾಭಿರಾಮ ಅವರು ಮೂರನೇ ಕ್ಯಾನಿನ ಸಾಲಿಗೆ ಕೆಂಪು ಗೀಟು ಎಳೆದರು.

"ಕೆಟ್ಟ ಸ್ಯಾಂಪಲ್ ಹಂಸ, ತೆಗೆದುಹಾಕಮ್ಮ. ಕರಗಲ್ಲ ಅಂತಲೇ ಸ್ಥಾವರದವರಿಗೆ ರಿಪೋರ್ಟ್ ಹೋಗಲಿ. ಅಷ್ಟು ಆಳಕ್ಕೆ ಯಾರು ಹೋಗಿ ಮುಚ್ಚಳ ತೆಗೀತಾರೆ?" ಎಂದು ನಕ್ಕರು.

ಬೆಟ್ಟಮ್ಮನ ಮೇಲಿದ್ದ ಸಿಟ್ಟೆಲ್ಲ ಆ ನಗುವಿನ ಕಡೆ ತಿರುಗಿತು.

"ನನ್ನ ಮುಚ್ಚಳ ಒಂದು ರಾತ್ರಿ ತಡೀಲಿಲ್ಲ ಸರ್. ತೆಗೆದವರು ಕಳ್ಳರಲ್ಲ. ಬರೆದದ್ದನ್ನ ಓದಿ, ನನಗೆ ಒಳ್ಳೇದಾಗ್ಲಿ ಅಂತಲೇ ತೆಗೆದರು. ನೀವು ಲಕ್ಷ ವರ್ಷಕ್ಕೆ ಯಾವ ಧೈರ್ಯದ ಮೇಲೆ ಗ್ಯಾರಂಟಿ ಕೊಡ್ತೀರಿ?"

ಅವರ ಮುಖ ಬಿಗಿಯಿತು. "ಆ ಸಾಲು ಇದ್ರೆ ನನ್ನ ಸಹಿ ಸಿಗಲ್ಲ."

"ನೀವೇ ಇಟ್ಕೊಳ್ಳಿ ಸರ್ ನಿಮ್ಮ ಸಹಿ."

ಐದು ವರ್ಷದ ಕೆಲಸ ಎತ್ತಿಕೊಂಡು ಹೊರಗೆ ಬಂದೆ. ಕಾರಿಡಾರಿನ ಬೆಂಚಿನಲ್ಲೇ ಕೂತು ಮೂರನೇ ಸಾಲನ್ನು ಮತ್ತೆ ಬರೆದೆ. ಗಾಳಿ ಸೋಕಲು ಕಾರಣ ಎಂಬಲ್ಲಿ ಮೊದಲು 'ಅಚಾತುರ್ಯ' ಎಂದಿತ್ತು. ಅದನ್ನು ಹೊಡೆದುಹಾಕಿ 'ಗಂಗೆ ಪೂಜೆ' ಎಂದು ಬರೆದೆ.