ಗೋಡೆಗೆ ಹಾಡುವ ಹಾಡು

"ಬೆನ್ನು ನೋಡೋಕೆ ಅಷ್ಟು ದೂರದಿಂದ ಬರ್ತಾರಾ ಅತಿಥಿಗಳು?" ಮಕ್ಸತ್ ಕೂಗಿದ. "ಈ ಕಡೆ ತಿರುಗೋಕೆ ಹೇಳಿ, ತಾಜಿಗುಲ್ ಅಕ್ಕಾ!"

"ನಿಮ್ಮಪ್ಪ ಸತ್ತಾಗ ನಿಮ್ಮಮ್ಮ ಜನಕ್ಕೆ ಮುಖ ತೋರಿಸ್ಕೊಂಡು ಅತ್ತಳೇನೋ?" ನಾನೂ ಕೂಗಿದೆ.

ನಮ್ಮೂರಿನ ಕಲಾಮಂದಿರದ ವೇದಿಕೆ ಮೇಲೆ ಅರ್ಧ ಗುಡಾರ ನಿಲ್ಲಿಸಿದ್ದೆವು. ಒಳಗೆ ನನ್ನ ಅತ್ತೆ ಬುರುಲ್ಚಾ ಕಂಬಳಿಯ ಗೋಡೆಗೆ ಮುಖಮಾಡಿ, ಸೊಂಟಕ್ಕೆ ಕೈ ಕೊಟ್ಟು ಕೂತಿದ್ದರು. ಸತ್ತವರ ಹೆಸರು ಹಿಡಿದು ಹೆಂಗಸರು ಅಳುತ್ತಾ ಹಾಡುವ ಕೊಶೊಕ್ ಹಾಡನ್ನು ಕೂತು ಹಾಡುವುದೇ ಹೀಗೆ. ಅದನ್ನು ಬಲ್ಲವರು ನಮ್ಮ ಕಣಿವೆಯಲ್ಲಿ ಉಳಿದದ್ದು ಅವರೊಬ್ಬರೇ. ಅವರಿಂದ ಕಲಿಯಲೆಂದು ಊರಿನ ಹುಡುಗಿಯರನ್ನು ಮನೆಮನೆಗೆ ಹೋಗಿ, ತಾಯಂದಿರ ಜೊತೆ ಜಗಳವಾಡಿ ಕರೆತಂದವಳು ನಾನು. ತರಗತಿಗೆ ದುಡ್ಡು ಕೊಡುತ್ತಿದ್ದ ಸಂಸ್ಥೆಯವರು ಅಂದು ಹಾಡು ಕೇಳಿ ಮೆಚ್ಚಿದರೆ ತರಗತಿ ಉಳಿಯುತ್ತಿತ್ತು, ಇಲ್ಲದಿದ್ದರೆ ಮುಚ್ಚುತ್ತಿತ್ತು. ಮಕ್ಸತ್ ಅವರ ಕಡೆಯವನು, ರಾಜಧಾನಿ ಬಿಷ್ಕೆಕ್‌ನಿಂದ ಬಂದವನು.

ಅತ್ತೆ ಕೊನೆಗೆ ಇತ್ತ ತಿರುಗಿದರು. "ಸರಿ, ತಿರುಗಿದೆ. ಯಾರಿಗೆ ಅಳಲಿ?"

"ನಿಮ್ಮ ಯಜಮಾನರಿಗೆ, ಅಪಾ," ಅಂದ ಮಕ್ಸತ್. ಅಮ್ಮನ ವಯಸ್ಸಿನವರನ್ನು ನಮ್ಮಲ್ಲಿ ಕರೆಯುವುದೇ ಹಾಗೆ.

"ವರ್ಷದೂಟ ಹಾಕಿ ಅವರ ಅಳು ಮುಗಿಸಿದೀನಿ. ಮತ್ತೆ ಅತ್ತು ಅವರನ್ನ ಎಬ್ಬಿಸಲಾ?"

"ಯಾವುದಾದ್ರೂ ಹೆಸರು ಹಾಕಿ. ನಾಟಕ ತಾನೆ!"

"ನಿನ್ನದೇ ಹಾಕ್ಲಾ, ಮಗಾ?"

ಮಕ್ಸತ್‌ನ ಮುಖ ಬಿಳಚಿತು. ಪಟ್ಟಣದವನಾದರೇನು, ಅವನೂ ಕಿರ್ಗಿಜನೇ; ಬದುಕಿರುವವರ ಹೆಸರಿಗೆ ಕೊಶೊಕ್ ಹಾಡಿದರೆ ಸಾವನ್ನು ಕರೆದಂತೆ ಅಂತ ಬಲ್ಲವನೇ. ಹೊರಗೆ ಕಾರುಗಳು ಬಂದು ನಿಂತವು. ಬಾಗಿಲುಗಳು ಬಡಿದವು. ನನ್ನ ತಲೆ ಕಾದುಹೋಯಿತು.

"ನನ್ನ ಹೆಸರು ಹಾಕಿ ಅಪಾ! ತಾಜಿಗುಲ್ ಸತ್ತಳು ಅಂತ ಹಾಡಿ! ಈ ತರಗತಿ ಮುಚ್ಚಿದ್ರೆ ನಾನು ಸತ್ತ ಹಾಗೇ!"

ವೇದಿಕೆ ಪಕ್ಕದಲ್ಲಿ ಪಿಸುಗುಟ್ಟುತ್ತಿದ್ದ ಹುಡುಗಿಯರು ನಮ್ಮತ್ತ ತಿರುಗಿದರು. ಅತ್ತೆ ನನ್ನನ್ನೇ ನೋಡಿದರು. ಮದುವೆಯಾಗಿ ಬಂದ ದಿನ ನನ್ನ ತಲೆಗೆ ಬಿಳಿ ವಸ್ತ್ರ ಕಟ್ಟಿದವರು ಅವರು. ನನ್ನ ಎರಡು ಹೆರಿಗೆ ಮಾಡಿಸಿದವರೂ ಅವರೇ.

"ಇದೇ ಬಾಯಲ್ಲಿ ನಿನ್ನನ್ನ ಹರಸಿದೀನಿ," ಅಂದರು. "ಈಗ ಅದೇ ಬಾಯಲ್ಲಿ ನಿನ್ನನ್ನ ಹೂಳು ಅಂತೀಯಾ?"

"ಬಾಯಿ ತಪ್ಪಿ ಅಂದೆ..."

"ನೀನು ಹೆಸರು ಹಿಡಿದೇ ಅಂದೆ."

ಎದ್ದರು. ವೇದಿಕೆಗೆಂದು ನಾವು ಹೊದಿಸಿದ್ದ ಕಪ್ಪು ಶಾಲು ತೆಗೆದು, ಮಡಚಿ, ಕೂತಿದ್ದ ಜಾಗದಲ್ಲಿಟ್ಟರು. ಒಳಗೆ ಬರುತ್ತಿದ್ದ ಅತಿಥಿಗಳು ಅವರನ್ನು ಕಂಡು ಚಪ್ಪಾಳೆ ತಟ್ಟಿದರು. ಅತ್ತೆ ಅವರ ನಡುವೆಯೇ ಹಾದು ಹೊರಟರು.

"ಅಪಾ!" ಅಂತ ಕೂಗಿದೆ. ಹುಡುಗಿಯರೂ ಕೂಗಿದರು.

ಅವರು ತಿರುಗಲಿಲ್ಲ. ಆ ಬಾಗಿಲೊಳಗೆ ಮತ್ತೆಂದೂ ಕಾಲಿಡಲಿಲ್ಲ.